ಟೈರಿನ ಮೀಸೆ

ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಎಳೆಗಳು ಎದ್ದು ನಿಂತಿರುವುದನ್ನು ನೀವು ನೋಡಿರಬಹುದು. ಟೈರನ್ನು ಅಚ್ಚಿಗೆ ಹಾಕುವಾಗ ಗಾಳಿ ಹೊರಹೋಗಲೆಂದು ಬಿಟ್ಟ ರಂಧ್ರಗಳೊಳಗೆ ರಬ್ಬರ್ ನುಗ್ಗಿ ಹುಟ್ಟುವ ಈ ಎಳೆಗಳನ್ನು ನಾನು ಚಿಕ್ಕಂದಿನಿಂದಲೂ ಮೀಸೆ ಎಂದೇ ಕರೆಯುತ್ತ ಬಂದಿದ್ದೇನೆ. ನಡುಭಾಗದ ಮೀಸೆ ಕೆಲವೇ ದಿನಗಳಲ್ಲಿ ಸವೆದುಹೋಗುತ್ತದೆ. ಅಂಚಿನದು ಮಾತ್ರ, ಸವಾರನು ತಿರುವುಗಳಲ್ಲಿ ಬೈಕನ್ನು ಎಷ್ಟು ವಾಲಿಸುತ್ತಾನೆ ಎಂಬುದರ ಸಾಕ್ಷಿಯಾಗಿ ಉಳಿದುಬಿಡುತ್ತದೆ. ಮಡಿಕೇರಿಯಲ್ಲೇ ಹುಟ್ಟಿ ಬೆಳೆದ, ನೇರ ರಸ್ತೆಯೆಂಬುದನ್ನು ಮೈಸೂರಿಗೆ ಹೋದಾಗ ಮಾತ್ರ ಕಂಡ ನನ್ನ ಬೈಕಿನ ಹಿಂದಿನ ಟೈರಿನಲ್ಲಿ ನಡುಭಾಗ ಸವೆದು ಚಪ್ಪಟೆಯಾಗಿದ್ದರೂ ಎರಡೂ ಅಂಚುಗಳ ಮೀಸೆ ಅಂಗಡಿಯಿಂದ ತಂದಾಗ ಇದ್ದಂತೆಯೇ ಇತ್ತು.

ಇದು ನನ್ನ ಗಮನಕ್ಕೆ ಬಂದದ್ದು, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಡೆಯುವ ಮೂರು ದಿನದ ಸವಾರಿ ತರಬೇತಿಗೆ ಹಣ ಕಟ್ಟಿದ ಮೇಲೆ. ತಿರುವುಗಳಲ್ಲಿ ಬೈಕನ್ನು ವಾಲಿಸುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಸುಮಾರು 3.7 ಕಿ.ಮೀ. ಉದ್ದದ ಆ ಟ್ರ್ಯಾಕಿನಲ್ಲಿ 12 ತಿರುವುಗಳಿವೆ ಎಂದು ನಾನು ಅಭಿಮಾನದಿಂದ ಹೇಳಿದಾಗ, ಕಣದಲ್ಲಿ ಕಾಫಿ ಹರಡುತ್ತಿದ್ದ ಸೋದರಮಾವ ತಲೆ ಎತ್ತದೆಯೇ, "ಹನ್ನೆರಡಾ? ನಮ್ಮ ಗೇಟಿನಿಂದ ಡಾಂಬರು ರಸ್ತೆಗೆ ಹೋಗುವಷ್ಟರಲ್ಲಿ ಅಷ್ಟು ಸಿಗುತ್ತವಲ್ಲ ಮಾರಾಯ. ಅದಕ್ಕೆ ಮದ್ರಾಸಿಗೆ ಯಾಕೆ ಹೋಗಬೇಕು?" ಎಂದರು. ಸಂಪಾಜೆ ಘಾಟಿಯಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವರಿಗೆ ಉತ್ತರ ಕೊಡುವುದು ಕಷ್ಟ.

ತರಬೇತಿಯವರು ಕಳುಹಿಸಿದ ಸೂಚನೆಗಳು ಎರಡು ಪುಟ ತುಂಬಿದ್ದವು. ಕನ್ನಡಿಗಳನ್ನು ಬಿಚ್ಚಬೇಕು, ಒಡೆದರೆ ಗಾಜು ಚೆಲ್ಲದಂತೆ ದೀಪಗಳಿಗೆ ಟೇಪು ಸುತ್ತಬೇಕು, ಸೀರೆ ಗಾರ್ಡು ಇರಬಾರದು, ಎಣ್ಣೆ ಒಂದು ಹನಿಯೂ ಸೋರಬಾರದು, ಚೈನು ಹದವಾಗಿರಬೇಕು. ಇವೆಲ್ಲ ಒಂದು ಭಾನುವಾರದಲ್ಲಿ ಮುಗಿಯುವ ಕೆಲಸಗಳು, ಮುಗಿದವು ಕೂಡ. ನನ್ನನ್ನು ಇಪ್ಪತ್ತು ದಿನ ಕಾಡಿದ್ದು ಟೈರ್ ಒಂದೇ. ದೇಶದ ನಾನಾ ಊರುಗಳಿಂದ ಬಂದ ಸವಾರರ ನಡುವೆ ನನ್ನ ಬೈಕು ಮೀಸೆ ಹೊತ್ತು ನಿಂತಿರುವ ದೃಶ್ಯವನ್ನು ನೆನೆದೊಡನೆ ಬೆವರು ಬರುತ್ತಿತ್ತು.

ಒಂದು ರಾತ್ರಿ ಊಟವಾದ ಮೇಲೆ ಉಗುರು ಕತ್ತರಿಸುವ ಕಟರನ್ನೂ ಟಾರ್ಚನ್ನೂ ಹಿಡಿದು ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಹೋದೆ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಚಕ್ರವನ್ನು ಇಂಚಿಂಚೇ ತಿರುಗಿಸುತ್ತ, ಬಲ ಅಂಚಿನ ಮೀಸೆಗಳನ್ನು ಬುಡಸಮೇತ ಕತ್ತರಿಸತೊಡಗಿದೆ. ಒಂದೊಂದಕ್ಕೂ 'ಟಿಕ್' ಎಂಬ ಸಣ್ಣ ಶಬ್ದ. ಸದ್ದು ಕೇಳಿ ಬಾಗಿಲಿಗೆ ಬಂದ ಅಮ್ಮ, "ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಅಂತ ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಗದರಿದರು. ಉಗುರು ನನ್ನದಲ್ಲ, ಟೈರಿನದು ಎಂದು ವಿವರಿಸಿದ ಮೇಲೆ ಅವರ ಮುಖದಲ್ಲಿ ಕಂಡ ಚಿಂತೆ ಬೇರೆಯ ತರಹದ್ದಾಗಿತ್ತು.

ಅಮ್ಮನ ಮಾತು ಮೀರಿದ್ದಕ್ಕೆ ಫಲ ಕೂಡಲೇ ಸಿಕ್ಕಿತು. ಬಲ ಅಂಚು ಪೂರ್ತಿ ನುಣುಪಾದ ಹೊತ್ತಿಗೆ ಟಾರ್ಚಿನ ಬೆಳಕು ಟೈರಿನ ಬದಿಯ ಮೈಯಲ್ಲಿದ್ದ ನಾಲ್ಕು ಅಂಕಿಗಳ ಮೇಲೆ ಬಿತ್ತು: 2318. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಅಂದರೆ ಆ ಟೈರು 2018ರ 23ನೇ ವಾರದಲ್ಲಿ ಹುಟ್ಟಿದ್ದು. ಆರು ವರ್ಷ ದಾಟಿ ಗಟ್ಟಿಯಾದ ರಬ್ಬರು ರಸ್ತೆಯನ್ನು ಹಿಡಿಯುವುದಿಲ್ಲ, ಹೊಸದನ್ನೇ ಹಾಕಿಸಬೇಕು ಎಂದು ನಾನು ಮನೆಯಲ್ಲಿ ಗಂಭೀರವಾಗಿ ಘೋಷಿಸಿದೆ. ಕಾರಣ ಸತ್ಯವೇ ಆಗಿತ್ತಾದರೂ, ಹೊಚ್ಚಹೊಸ ಟೈರಿನ ಅಂಚಿನಲ್ಲಿ ಮೀಸೆಯಿದ್ದರೆ ಯಾರೂ ಏನೂ ಅನ್ನುವಂತಿಲ್ಲ ಎಂಬ ಇನ್ನೊಂದು ಸತ್ಯವನ್ನು ನಾನು ಹೊರಗೆ ಹೇಳಲಿಲ್ಲ.

ನನಗೆ ಬೇಕಾದ 130/70-17 ಅಳತೆಯ ಟೈರು, ಎಂದರೆ 130 ಮಿ.ಮೀ. ಅಗಲ, ಅದರ ಶೇ. 70ರಷ್ಟು ಎತ್ತರದ ಪಕ್ಕ, 17 ಇಂಚಿನ ರಿಮ್ಮಿಗೆ ಕೂರುವಂಥದು, ಊರಿನಲ್ಲಿ ಸಿಗದೆ ಮೈಸೂರಿಗೆ ಹೋದೆ. ಅಲ್ಲಿಯ ಅಂಗಡಿಯವರು, ತಂದಿಟ್ಟ ಪ್ರತಿ ಟೈರನ್ನೂ ನಾನು ತಿರುಗಿಸಿ ತಿರುಗಿಸಿ ತಾರೀಖು ಓದುವುದನ್ನು ನೋಡಿ, "ಹಾಲಿನ ಪ್ಯಾಕೆಟ್ ಅಲ್ಲ ಸಾರ್, ಒಡೆಯೋದಿಲ್ಲ" ಎಂದರು. ಮರಳುವಾಗ ಸರ್ಕಾರಿ ಬಸ್ಸಿನಲ್ಲಿ ಟೈರಿಗೊಂದು ಲಗೇಜ್ ಟಿಕೆಟ್ ಪಡೆದು, ಅದನ್ನು ಹಿಂದಿನ ಸೀಟಿನ ಬದಿಗೆ ಒರಗಿಸಿ ಕುಳಿತೆ. ಕುಶಾಲನಗರ ದಾಟಿ ಆನೆಕಾಡಿನ ತಿರುವಿನಲ್ಲಿ ಚಾಲಕರು ಬ್ರೇಕ್ ಹಾಕಿದಾಗ ಟೈರು ತಾನಾಗಿ ಎದ್ದು, ನಿಂತಿದ್ದವರ ಕಾಲುಗಳ ನಡುವೆ ಸುಂದರವಾಗಿ ವಾಲುತ್ತ, ಯಾರಿಗೂ ತಾಗದೆ, ಬಸ್ಸಿನ ಉದ್ದಕ್ಕೂ ಉರುಳಿ ಗೇರಿನ ಬಳಿ ಹೋಗಿ ನಿಂತಿತು. ಒಡೆಯನಿಗೆ ಬಾರದ ವಿದ್ಯೆ ಅದಕ್ಕೆ ಹುಟ್ಟಿನಿಂದಲೇ ಬಂದಿತ್ತು.

ಟೈರು ಕೂರಿಸಿದ್ದು ನಮ್ಮೂರಿನ ಪಂಕ್ಚರ್ ಅಂಗಡಿಯಲ್ಲಿ. ಮನೆಗೆ ಬಂದು ಹೆಮ್ಮೆಯಿಂದ ನೋಡುತ್ತ ನಿಂತಾಗ, ತಿರುಗಬೇಕಾದ ದಿಕ್ಕನ್ನು ತೋರಿಸುವ ಬಾಣದ ಗುರುತು ಹಿಂದಕ್ಕೆ ಮುಖ ಮಾಡಿರುವುದು ಕಂಡಿತು. ನೀರನ್ನು ಹೊರದೂಡುವ ಗೆರೆಗಳನ್ನು ಆ ದಿಕ್ಕಿಗೆಂದೇ ಕೊರೆದಿರುತ್ತಾರೆಂದು ವಾಪಸು ಹೋಗಿ ದೂರಿದೆ. ಅಂಗಡಿಯವರು ಬೀಡಿ ಆರಿಸಿ, ಚಕ್ರವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಟೈರು ಉರುಟಲ್ವಾ ಸಾರ್? ಯಾವ ಕಡೆಗಾದರೂ ಉರುಳುತ್ತದೆ" ಎಂದರು. ಆದರೂ ಬಿಚ್ಚಿ ತಿರುಗಿಸಿ ಹಾಕಿಕೊಟ್ಟರು. ಎರಡನೆಯ ಸಲದ ಕೂಲಿಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡೆವು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದರೆ ಎರಡೂ ಟೈರುಗಳು ಕರಿ ಕಲ್ಲಿನ ವಿಗ್ರಹಗಳಂತೆ ಮಿನುಗುತ್ತಿದ್ದವು. ಪಕ್ಕದಲ್ಲಿ ತೆಂಗಿನೆಣ್ಣೆಯ ಬಾಟಲಿ, ಹಳೆಯ ಬನಿಯನ್ನಿನ ತುಂಡು, ಮತ್ತು ಮಾವ. "ಮದುವೆಗೆ ಹೋಗುವವನು ಬೂಟು ಪಾಲಿಶ್ ಮಾಡಿಕೊಳ್ಳುವುದಿಲ್ಲವಾ? ನೂರಾರು ಮೈಲಿ ಹೋಗುವ ಗಾಡಿ, ನಾಲ್ಕು ಜನ ನೋಡುವಂತಿರಲಿ" ಎಂದರು. ಟೈರಿನ ಬದಿಗೆ ಮಾತ್ರ ಹಚ್ಚಿದ್ದರೆ ಸುಮ್ಮನಿರಬಹುದಿತ್ತು; ಅವರ ಪ್ರೀತಿಗೆ ಅಷ್ಟರಲ್ಲಿ ತೃಪ್ತಿಯಾಗದೆ ನೆಲ ಮುಟ್ಟುವ ಭಾಗಕ್ಕೂ ಧಾರಾಳವಾಗಿ ಉಜ್ಜಿದ್ದರು. ಅಲ್ಲಿಗೆ ಎಣ್ಣೆ ತಾಗಿದರೆ ಮೊದಲ ತಿರುವಿನಲ್ಲೇ ಬೈಕು ಜಾರುತ್ತದೆ. ಅವರಿಗೆ ನೋವಾಗಬಾರದೆಂದು, ಅವರು ತೋಟಕ್ಕೆ ಹೋಗುವವರೆಗೆ ಕಾದು, ಪಾತ್ರೆ ತಿಕ್ಕುವ ಸೋಪು, ತೆಂಗಿನ ನಾರು ಮತ್ತು ಆರು ಕೊಡ ಬಿಸಿನೀರಿನಲ್ಲಿ ಟೈರುಗಳಿಗೆ ಎಣ್ಣೆಸ್ನಾನದ ಉತ್ತರಾರ್ಧವನ್ನು ಮಾಡಿಸಿದೆ.

ಆ ಸಂಜೆ ಉಳಿದಿದ್ದದ್ದು ಗಾಳಿಯ ಲೆಕ್ಕ. ಜನವರಿಯ ಮುಂಜಾನೆ ನಮ್ಮಲ್ಲಿ 14 ಡಿಗ್ರಿ, ಅಲ್ಲಿ ಹಗಲು 30. ತಾಪ ಆರೇಳು ಡಿಗ್ರಿ ಏರಿದರೆ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುವುದರಿಂದ, ಎರಡೂವರೆ ಹೆಚ್ಚಾಗಬೇಕು. ಆದರೆ ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಕೆಳಗಿಳಿದಂತೆ ಹೊರಗಿನ ಗಾಳಿಯ ಒತ್ತಡ ಹೆಚ್ಚುವುದರಿಂದ, ಒಳ ಹೊರಗಿನ ವ್ಯತ್ಯಾಸವನ್ನಷ್ಟೇ ಅಳೆಯುವ ಗೇಜು ಸುಮಾರು ಎರಡರಷ್ಟು ಕಡಿಮೆ ತೋರಿಸುತ್ತದೆ. ಎರಡು ತಾಸು ಬರೆದು ಅಳಿಸಿ ಬರೆದ ಮೇಲೆ ಉಳಿದ ಅಂತರ ಅರ್ಧ ಪಿಎಸ್‌ಐ. ಈ ಸೂಕ್ಷ್ಮವನ್ನು ಹೊತ್ತು ಪೆಟ್ರೋಲ್ ಬಂಕಿಗೆ ಹೋದರೆ, ಅವರ ಗೇಜಿಗೂ ನನ್ನ ಕಿಸೆಯ ಗೇಜಿಗೂ ಮೂರು ಪಿಎಸ್‌ಐ ವ್ಯತ್ಯಾಸವಿತ್ತು.

ದಾರಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹೊಸ ಟೈರಿನ ಮೇಲ್ಮೈ ಹದಗೊಳ್ಳುವವರೆಗೆ ಮೊದಲ ನೂರೈವತ್ತು ಕಿ.ಮೀ. ಮೆಲ್ಲಗೆ ಹೋಗಬೇಕೆಂಬ ಮಾತನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ, ಸುಂಟಿಕೊಪ್ಪದ ಇಳಿಜಾರಿನಲ್ಲಿ ಕಾಫಿ ಚೀಲ ಹೇರಿದ ಪಿಕಪ್ಪೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಮೈಸೂರಿನಿಂದಾಚೆ ಮೆಲ್ಲಗೆ ಹೋಗಲು ಪ್ರಯತ್ನವೇ ಬೇಕಾಗಲಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲವಾದ್ದರಿಂದ ಸರ್ವಿಸ್ ರಸ್ತೆಯ ಹಂಪುಗಳೇ ಆ ಹೊಣೆ ಹೊತ್ತವು.

ಟ್ರ್ಯಾಕಿನಲ್ಲಿ ಬೈಕುಗಳನ್ನು ಪರೀಕ್ಷಿಸುವವರು ನನ್ನ ಟೈರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಟ್ಯಾಂಕಿಗೆ ಹಸಿರು ಚೀಟಿ ಅಂಟಿಸಿ ಮುಂದೆ ನಡೆದರು. ಇಪ್ಪತ್ತು ದಿನದ ಸಿದ್ಧತೆಗೆ ಎಂಟು ಸೆಕೆಂಡು. ಮೀಸೆಯ ಕಡೆಗೆ ಅವರು ಕಣ್ಣು ಕೂಡ ಹಾಯಿಸಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ನಿಂತಾಗ ನಾನೇ ಬಗ್ಗಿ ನೋಡಿದೆ. ಎರಡೂ ಅಂಚುಗಳಲ್ಲಿ ಒಂದೂ ಉಳಿದಿರಲಿಲ್ಲ, ರಬ್ಬರು ಉಜ್ಜಿ ಉಂಡೆಯುಂಡೆಯಾಗಿ ಎದ್ದಿತ್ತು. ಆ ಅಂಚಿನ ಫೋಟೋವನ್ನು ಆರು ಕೋನಗಳಿಂದ ತೆಗೆದು ಮನೆಗೆ ಕಳುಹಿಸಿದೆ. ಅಮ್ಮ, "ಊಟ ಆಯಿತಾ?" ಎಂದು ಉತ್ತರಿಸಿದರು.

ಊರಿಗೆ ಮರಳಿದವನು ಮನೆಗೂ ಹೋಗದೆ, ಗಾಳಿ ನೋಡುವ ನೆಪದಲ್ಲಿ ನೇರ ಪಂಕ್ಚರ್ ಅಂಗಡಿಯ ಮುಂದೆ ಬೈಕು ನಿಲ್ಲಿಸಿದೆ. ಅದನ್ನು ಅರ್ಥ ಮಾಡಿಕೊಳ್ಳಬಲ್ಲ ಕಣ್ಣು ಊರಲ್ಲಿ ಅದೊಂದೇ. ಅವರು ಕುಕ್ಕರಗಾಲಲ್ಲಿ ಕುಳಿತು ಹಿಂದಿನ ಟೈರಿನ ಅಂಚಿನ ಮೇಲೆ ಬೆರಳಾಡಿಸಿದರು, ಆಚೆ ಬದಿಗೆ ಹೋಗಿ ಅಲ್ಲಿಯೂ ಆಡಿಸಿದರು, ಆಮೇಲೆ ನನ್ನ ಮೊಣಕೈ ಮೊಣಕಾಲುಗಳನ್ನು ಕರುಣೆಯಿಂದ ನೋಡಿದರು.

"ಎರಡೂ ಕಡೆಗೆ ಬಿದ್ದಿದ್ದೀರಲ್ಲ ಸಾರ್."