ಫಿಕ್ಸೆಡ್ ಬಡ್ಡಿಯ ಗೃಹಸಾಲ: ಮೊದಲೇ ತೀರಿಸಿದರೆ ಶುಲ್ಕ ಸರಿಯೇ?

ಪರ: ಕೊಟ್ಟ ಮಾತಿಗೆ ಬೆಲೆ ಇದೆ

ಸಾಲ ಕಟ್ಟದವನಿಗೆ ದಂಡ ಸರಿ, ಬೇಗ ಕಟ್ಟಿದವನಿಗೂ ದಂಡವೇ? ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಫಿಕ್ಸೆಡ್ ರೇಟ್ ಅಂದರೆ ಏನು ಅಂತ ಒಮ್ಮೆ ನೋಡಿ. ಮಾರುಕಟ್ಟೆಯಲ್ಲಿ ಬಡ್ಡಿ ಎಷ್ಟೇ ಏರಲಿ, ಐದು ವರ್ಷ ನಿಮ್ಮ ಕಂತು ಏರುವುದಿಲ್ಲ ಎಂದು ಬ್ಯಾಂಕ್ ಒಪ್ಪಿಕೊಂಡಿರುತ್ತದೆ. ಅದಕ್ಕಾಗಿ ತಾನೂ ಅಷ್ಟೇ ಅವಧಿಗೆ ಬೇರೆಯವರಿಂದ ಹಣ ತಂದಿರುತ್ತದೆ, ಇಲ್ಲವೇ ಇಂಟರೆಸ್ಟ್ ರೇಟ್ ಸ್ವಾಪ್ (ಏರಿಳಿಯುವ ಬಡ್ಡಿಗೆ ಬದಲಾಗಿ ನಿಗದಿತ ಬಡ್ಡಿ ಕಟ್ಟುವ ಕರಾರು) ಮಾಡಿಕೊಂಡಿರುತ್ತದೆ. ನೀವು ಎದ್ದು ಹೋದರೂ ಆ ಕರಾರು ಅದರ ಕೊರಳಿಗೇ ಇರುತ್ತದೆ.

ಲೆಕ್ಕ ಹಾಕೋಣ. ಶೇ 6ಕ್ಕೆ ಐದು ವರ್ಷ ನಿಗದಿ ಮಾಡಿಕೊಂಡಿರಿ. ಎರಡು ವರ್ಷ ಕಳೆಯುವಷ್ಟರಲ್ಲಿ ಹೊರಗಿನ ದರ ಶೇ 4ಕ್ಕೆ ಇಳಿಯಿತು. ನೀವು ಬೇರೆ ಕಡೆ ಸಾಲ ತೆಗೆದು ಇದನ್ನು ತೀರಿಸಿದಿರಿ. ವಾಪಸ್ ಬಂದ ಹಣವನ್ನು ಬ್ಯಾಂಕ್ ಇನ್ನು ಶೇ 4ಕ್ಕೇ ಕೊಡಬೇಕು. ವರ್ಷಕ್ಕೆ ಶೇ 2ರಂತೆ ಉಳಿದ ಮೂರು ವರ್ಷಕ್ಕೆ ಹೆಚ್ಚುಕಡಿಮೆ ಬಾಕಿಯ ಶೇ 6 ಹೋಯಿತು. ಅದನ್ನು ಯಾರಾದರೂ ಭರಿಸಲೇಬೇಕು ಅಲ್ವಾ?

ಅಮೆರಿಕದಲ್ಲಿ 30 ವರ್ಷದ ಫಿಕ್ಸೆಡ್ ಸಾಲವನ್ನು ಸಾಮಾನ್ಯವಾಗಿ ದಂಡವಿಲ್ಲದೆ ತೀರಿಸಬಹುದು, ನಿಜ. ಸುಮ್ನೆ ಸಿಕ್ಕ ಸವಲತ್ತಲ್ಲ ಅದು. ಅದರ ಬೆಲೆ ಎಲ್ಲರ ಬಡ್ಡಿಯಲ್ಲೂ ಸೇರಿರುತ್ತದೆ. ಕೊನೆತನಕ ಕಟ್ಟುವವನು ನಡುವೆ ಹೋದವನ ಖರ್ಚನ್ನೂ ಹೊರುತ್ತಾನೆ.

ವಿರೋಧ: ಹಾಗಾದರೆ ಲಾಭ ಆದಾಗ?

ನಷ್ಟ ತುಂಬಿಕೊಡಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ಶೇ 4ರ ಸಾಲವಿದ್ದಾಗ ಹೊರಗಿನ ದರ ಶೇ 6ಕ್ಕೆ ಏರಿತು, ನೀವು ಮನೆ ಮಾರಿ ಸಾಲ ತೀರಿಸಿದಿರಿ. ಬ್ಯಾಂಕ್ ಅದೇ ಹಣವನ್ನು ಶೇ 6ಕ್ಕೆ ಕೊಡುತ್ತದೆ. ಅದಕ್ಕೆ ಲಾಭವೇ ಆಯಿತು. ಆದರೂ ಬ್ರಿಟನ್ನಿನಲ್ಲಿ ಶುಲ್ಕ ತಪ್ಪುವುದಿಲ್ಲ. ಅಲ್ಲಿ ಐದು ವರ್ಷದ ಸಾಲಕ್ಕೆ ಮೊದಲ ವರ್ಷ ಬಾಕಿಯ ಶೇ 5, ಆಮೇಲೆ 4, 3 ಎಂದು ಇಳಿಯುವ ಪಟ್ಟಿ ಸಾಮಾನ್ಯ. ಮಾರುಕಟ್ಟೆ ಯಾವ ಕಡೆ ಹೋಗಿದೆ ಎಂದು ಆ ಪಟ್ಟಿ ಕೇಳುವುದೇ ಇಲ್ಲ.

ಡೆನ್ಮಾರ್ಕಿನಲ್ಲಿ ಬೇರೆ ದಾರಿ ಇದೆ. ನಿಮ್ಮ ಸಾಲದ ಹಿಂದೆ ಒಂದು ಬಾಂಡ್, ಅಂದರೆ ಹೂಡಿಕೆದಾರರಿಗೆ ಮಾರಿದ ಸಾಲಪತ್ರ ಇರುತ್ತದೆ. ಬಡ್ಡಿ ಏರಿದರೆ ಅದರ ಬೆಲೆ ಬೀಳುತ್ತದೆ. ಅದನ್ನು ಅಗ್ಗಕ್ಕೆ ಕೊಂಡು, ಬಾಕಿಗಿಂತ ಕಡಿಮೆ ಹಣದಲ್ಲೇ ಸಾಲ ಮುಗಿಸಬಹುದು. ಇಂಥ ತಕ್ಕಡಿಯಾದರೆ ನನ್ನ ತಕರಾರಿಲ್ಲ.

ಇನ್ನು, ಎಲ್ಲರೂ ಕಡಿಮೆ ಬಡ್ಡಿ ಹುಡುಕಿಕೊಂಡೇ ಹೊರಡುವುದಿಲ್ಲ. ಫ್ರಾನ್ಸ್ ಇದನ್ನು ಗಮನಿಸಿದೆ. ಅಲ್ಲಿ ಆರು ತಿಂಗಳ ಬಡ್ಡಿ ಅಥವಾ ಬಾಕಿ ಅಸಲಿನ ಶೇ 3, ಯಾವುದು ಕಡಿಮೆಯೋ ಅದೇ ಮಿತಿ. ಕೆಲಸದ ಊರು ಬದಲಾಗಿ ಮನೆ ಮಾರಿದರೆ ಅಥವಾ ಸಾಲಗಾರ ತೀರಿಕೊಂಡರೆ ಅದೂ ಇಲ್ಲ. ಜರ್ಮನಿಯಲ್ಲಿ ಹತ್ತು ವರ್ಷ ದಾಟಿದ ಮೇಲೆ ಆರು ತಿಂಗಳ ನೋಟಿಸ್ ಕೊಟ್ಟರೆ ಸಾಕು.

"ಸಾಲವನ್ನು ಹೊಸ ಮನೆಗೆ ವರ್ಗಾಯಿಸಿಕೊಳ್ಳಿ, ಶುಲ್ಕ ಇಲ್ಲ" ಎಂದು ಬ್ರಿಟನ್ನಿನ ಬ್ಯಾಂಕುಗಳು ಹೇಳುತ್ತವೆ. ಒಳ್ಳೆಯದೇ. ಆದರೆ ವರ್ಗಾಯಿಸುವ ಮೊದಲು ಸಾಮಾನ್ಯವಾಗಿ ಆದಾಯವನ್ನು ಹೊಸದಾಗಿ ತಪಾಸಣೆ ಮಾಡುತ್ತವೆ. ಕೆಲಸ ಹೋಗಿ ಚಿಕ್ಕ ಮನೆಗೆ ಹೊರಟವನು ಅಲ್ಲೇ ಫೇಲಾಗುತ್ತಾನೆ, ಶುಲ್ಕವನ್ನೂ ಅವನೇ ಕಟ್ಟುತ್ತಾನೆ.