ಕಿಟ್ ಇದ್ಯಾ ಅಣ್ಣಾ?

ನಮ್ಮದು ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪ್. ಇಪ್ಪತ್ತೆರಡು ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. ಯಾರು ಏನು ಕೇಳಲು ನಾಚುತ್ತಾರೆ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತದೆ. ಅಂಗಡಿ ಖಾಲಿಯಾಗುವವರೆಗೆ ಕಾದು, ದನಿ ತಗ್ಗಿಸಿ ಕೇಳುವವರಲ್ಲಿ ಈಗೀಗ ಕಾಲೇಜು ಮಕ್ಕಳ ಅಪ್ಪಂದಿರೂ ಸೇರಿದ್ದಾರೆ.

ಹೋದ ತಿಂಗಳು ಒಬ್ಬರು ಬಂದರು. ಪರಿಚಯದವರೇ, ಪ್ರತಿ ತಿಂಗಳು ಬಿಪಿ ಮಾತ್ರೆ ಒಯ್ಯುವವರು. ಮಾತ್ರೆ ತಗೊಂಡರು, ದುಡ್ಡು ಕೊಟ್ಟರು, ಆದರೂ ಹೋಗಲಿಲ್ಲ. ಸೊಳ್ಳೆ ಬತ್ತಿಯ ರೇಟು ಕೇಳಿದರು. ಆಮೇಲೆ, "ಅಣ್ಣಾ, ಯೂರಿನ್ ನೋಡೋ ಕಿಟ್ ಇದ್ಯಾ?" ಅಂದರು. ಶುಗರ್‌ಗಾ ಅಂದೆ. "ಅಲ್ಲ... ಈ ಹುಡುಗ್ರು ಸೇದ್ತಾರಲ್ಲ, ಅದಕ್ಕೆ." ಗಾಂಜಾ ಅನ್ನುವ ಹೆಸರು ಬಾಯಿಗೆ ಬರಲಿಲ್ಲ. ಮಗ ಫಸ್ಟ್ ಪಿಯುಸಿ. ಕಣ್ಣು ಕೆಂಪಗಿರುತ್ತದಂತೆ, ಬಾತ್‌ರೂಮಿನಲ್ಲಿ ಊದುಬತ್ತಿ ಹಚ್ಚುತ್ತಾನಂತೆ, ರಾತ್ರಿ ಹನ್ನೊಂದಕ್ಕೆ ಎದ್ದು ತಣ್ಣನೆ ಅನ್ನದ ಪಾತ್ರೆ ಖಾಲಿ ಮಾಡುತ್ತಾನಂತೆ. "ಅವನಿಗೆ ಗೊತ್ತಾಗದ ಹಾಗೆ ಟೆಸ್ಟ್ ಮಾಡ್ಬೇಕು."

ಮಗನ ಉಚ್ಚೆಯನ್ನು ಮಗನಿಗೇ ಗೊತ್ತಾಗದ ಹಾಗೆ ಹಿಡಿಯುವುದು ಹೇಗೆ ಸ್ವಾಮಿ ಅಂತ ಕೇಳಿದೆ. ಅವರು ಮಾತ್ರೆಯ ಕವರನ್ನು ಮಡಚುತ್ತಾ, ಬಿಚ್ಚುತ್ತಾ ನಿಂತರು.

ಕಿಟ್ ತರಿಸಿ ಕೊಡುವುದು ಕಷ್ಟವಲ್ಲ, ನನಗೂ ವ್ಯಾಪಾರ. ಆದರೆ ಅದು ಹೇಳುವುದು ಎಷ್ಟು? ಒಮ್ಮೆ ಸೇದಿದರೆ ಕೆಲವು ದಿನ ಪಾಸಿಟಿವ್ ತೋರಿಸುತ್ತದೆ. ದಿನಾ ಸೇದುತ್ತಿದ್ದವನು ಬಿಟ್ಟು ವಾರಗಳಾದ ಮೇಲೂ ತೋರಿಸಬಹುದು, ಯಾಕಂದ್ರೆ ಗಾಂಜಾದಲ್ಲಿ ಅಮಲು ಕೊಡುವ ಟಿಎಚ್‌ಸಿ ಅನ್ನುವ ಅಂಶ ಮೈಯ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಇಳಿಯುತ್ತದೆ. ಅಂದರೆ ಹುಡುಗ ನಿಜವಾಗಿ ಬಿಟ್ಟಿದ್ದರೂ ಅಪ್ಪನ ಕೈಯಲ್ಲಿ ಏಟು ತಿನ್ನುತ್ತಾನೆ. ಆಮೇಲೆ ಅವನು ಬಿಡಬೇಕಾದ್ರೂ ಯಾಕೆ?

ಹೆತ್ತವರ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನ ಕೌಂಟರಿನಲ್ಲಿ ಮೊದಲು ಬರುವ ಪ್ರಶ್ನೆಗಳು ಯಾವುವು ಗೊತ್ತಾ? ಯಾರಿಗಾದ್ರೂ ಗೊತ್ತಾಗುತ್ತಾ, ಪೊಲೀಸ್ ಕೇಸ್ ಆಗುತ್ತಾ, ಕಾಲೇಜಿನವರು ಟಿಸಿ ಕೊಟ್ಟು ಕಳಿಸ್ತಾರಾ. ಹುಡುಗ ಸರಿಯಾಗಿ ನಿದ್ದೆ ಮಾಡ್ತಾನಾ, ಯಾವಾಗಿನಿಂದ ಮಂಕಾಗಿದ್ದಾನೆ ಅನ್ನುವುದನ್ನು ನಾನೇ ಕೇಳಬೇಕು. ಮಗನಿಗಿಂತ ಮರ್ಯಾದೆಯ ಚಿಂತೆ ಜಾಸ್ತಿ. ಮಕ್ಕಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಬಾಯಿ ಬಿಡುವುದಿಲ್ಲ.

ನಾನೇನು ಮಹಾ ಅಪ್ಪ ಅಲ್ಲ. ಆ ದಿನ ಮನೆಗೆ ಹೋದವನೇ ನನ್ನ ಮಗನ ಬ್ಯಾಗ್ ತೆಗೆದು ಮೂಸಿದೆ. ಸೆಕೆಂಡ್ ಪಿಯುಸಿ ಅವನು. ಲ್ಯಾಬ್ ಕೋಟು, ಅರ್ಧ ತಿಂದ ಚಿತ್ರಾನ್ನದ ಡಬ್ಬಿ. ಬಾಗಿಲಲ್ಲಿ ನಿಂತು "ಏನಪ್ಪಾ ಹುಡುಕ್ತಿದೀಯಾ?" ಅಂದ. "ಡಬ್ಬಿ ತೊಳೆಯೋಣ ಅಂತ" ಅಂದೆ. ಹುಟ್ಟಿದಾಗಿನಿಂದ ನಾನು ಅವನ ಡಬ್ಬಿ ತೊಳೆದಿದ್ದನ್ನು ಅವನು ನೋಡಿಲ್ಲ. ಏನೂ ಅನ್ನದೆ ಹೋದ. ಡಬ್ಬಿ ಮಾತ್ರ ತೊಳೆಯಲೇಬೇಕಾಯಿತು.

ಹುಡುಗರ ವಾದವೂ ಕೇಳಿದ್ದೇನೆ. "ಗಿಡ ತಾನೇ ಅಂಕಲ್, ಸಾಧುಗಳೂ ಸೇದ್ತಾರೆ." ಸುಳ್ಳಲ್ಲ. ಈ ಗಿಡಕ್ಕೆ ಭಂಗಿ ಸೊಪ್ಪು ಅನ್ನುವ ಹೆಸರು ನಮ್ಮಲ್ಲಿ ಹಳೆಯದು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದವಾಗಿ ಹಂಚುವ ಸಂಗತಿ ಪೇಪರಿನಲ್ಲೂ ಬಂದಿತ್ತು. ಆದರೆ ಚಿಲುಮೆ ಹಿಡಿದ ಅಜ್ಜನಿಗೆ ಅರವತ್ತು, ಇವನಿಗೆ ಹದಿನಾರು. ಮೆದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು, ಅದರಲ್ಲೂ ಹಿಂದೆ ಮುಂದೆ ಯೋಚಿಸಿ ನಿರ್ಧಾರ ಮಾಡುವ ಭಾಗ ಬಲಿಯುವುದು ಕೊನೆಗೆ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸಿದರು. ಹದಿನೈದಕ್ಕೇ ಗಾಂಜಾ ಹಿಡಿದವರಲ್ಲಿ ಇಪ್ಪತ್ತಾರರ ಹೊತ್ತಿಗೆ ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗದಂಥ ಲಕ್ಷಣ (ಇಲ್ಲದ ದನಿ ಕೇಳಿಸುವುದು, ಸುಮ್ಮಸುಮ್ಮನೆ ಸಂಶಯ) ಜಾಸ್ತಿ ಕಂಡಿತು. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ಆದರೆ ಮನೆತನದಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದರೆ ಅಪಾಯ ಹೆಚ್ಚು, ನಾವು ಅಂಥ ಚಿಕ್ಕಪ್ಪನ ವಿಷಯ ಮಕ್ಕಳಿಗೆ ಹೇಳುವುದೇ ಇಲ್ಲ.

ಇನ್ನೊಂದು, "ಎಲ್ರೂ ಸೇದ್ತಾರೆ." ಇಲ್ಲ ಮಾರಾಯ. 2019ರ ಕೇಂದ್ರ ಸರ್ಕಾರದ ವರದಿಯಲ್ಲಿ, ಸೊಪ್ಪು ಅರೆದು ಕುಡಿಯುವ ಭಾಂಗ್ ಅನ್ನೂ ಸೇರಿಸಿಕೊಂಡು, ವರ್ಷಕ್ಕೆ ಒಮ್ಮೆಯಾದರೂ ಬಳಸಿದವರು ನೂರಕ್ಕೆ ಮೂವರೂ ಇಲ್ಲ, 2.8. ಹುಡುಗರು ಇದನ್ನು "ಸೊಪ್ಪು" ಅನ್ನುತ್ತಾರಲ್ಲ, ಅದೂ ತಮಾಷೆಯೇ. 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾನೂನಿನ ಪ್ರಕಾರ ಬರೀ ಸೊಪ್ಪು ಗಾಂಜಾ ಅಲ್ಲ, ಹೂವಿನ ತುದಿ ಗಾಂಜಾ. ಇವರು ಸೇದುವುದು ಆ ಹೂವನ್ನೇ. ಈಗ ಬ್ಯಾಂಕಾಕಿನಿಂದ ಬೆಂಗಳೂರು ಏರ್‌ಪೋರ್ಟಿಗೆ ಬಂದು ಸಿಕ್ಕಿಬೀಳುವ, ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಹೈಡ್ರೋ ಗಾಂಜಾ ಅಂತೂ ಅಜ್ಜನ ಚಿಲುಮೆಯ ಮಾಲಿಗಿಂತ ಎಷ್ಟೋ ಖಡಕ್.

ಕೇಸಿನ ಭಯದಲ್ಲಿರುವವರಿಗೆ ಒಂದು ಮಾತು. ಅದೇ ಕಾನೂನಿನ 64ಎ ಕಲಂ ಇದೆ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡರೆ, ಸೇದಿದ್ದಕ್ಕೆ, ಸ್ವಲ್ಪ ಇಟ್ಟುಕೊಂಡಿದ್ದಕ್ಕೆ ಶಿಕ್ಷೆಯಿಂದ ರಕ್ಷಣೆ ಸಿಗುತ್ತದೆ. ಹದಿನೆಂಟು ತುಂಬದವರ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ. ಮಕ್ಕಳ ಕೈಗೆ ಮಾದಕ ವಸ್ತು ಕೊಟ್ಟವನಿಗಾದರೆ ಏಳು ವರ್ಷದವರೆಗೂ ಜೈಲು. ಹೆದರಬೇಕಾದವನು ಅವನು. (ನಮ್ಮ ಲೈನಿನವರೂ ಸಾಚಾ ಅಲ್ಲ ಬಿಡಿ. ಚೀಟಿ ಇಲ್ಲದೆ ನೋವಿನ ಮಾತ್ರೆ ಶೀಟುಗಟ್ಟಲೆ ಹುಡುಗರಿಗೆ ಕೊಡುವವರು ಇದ್ದಾರೆ.)

ಅವರು ನಿನ್ನೆ ಮತ್ತೆ ಬಂದಿದ್ದರು. "ಕಿಟ್ ಬೇಡ ಅಣ್ಣಾ" ಅಂದರು. ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಫ್ಲೋರ್ ಮಿಲ್ಲಿಗೆ ಹೋಗುವಾಗ ಕೇಳಿಯೇಬಿಟ್ಟರಂತೆ. ಮುಖ ಮುಖ ನೋಡುವ ಹಾಗಿರಲಿಲ್ಲವಲ್ಲ, ಹೇಳಿದನಂತೆ. ಐದಾರು ಸಲ ಅಂತ. ನಂಬಿದ್ರಾ ಅಂದೆ. "ಹತ್ತು ಅಂತ ಇಟ್ಕೊಂಡಿದೀನಿ."

ಹಳೇ ಬಿಲ್ಲಿನ ಹಿಂದೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು ಅಂದೆ. "ಕನ್ನಡದಲ್ಲಿ ಮಾತಾಡ್ತಾರಾ?" ಹೂಂ ಅಂದೆ. "ಮೊದ್ಲು ನಾನೇ ಮಾಡ್ತೀನಿ" ಅಂತ ಚೀಟಿ ಜೇಬಿಗಿಟ್ಟುಕೊಂಡು ಹೊರಟರು. ಬಿಪಿ ಮಾತ್ರೆ ಕೌಂಟರ್ ಮೇಲೇ ಬಿಟ್ಟುಹೋಗಿದ್ದಾರೆ.