ಸಹಿ ಹಾಕಿದ ಮೇಲೂ ಪಡೆ ಬದಲಿಸಬಹುದು

ಅಮೆರಿಕದಲ್ಲಿ ಬೆಳೆದ ನಮ್ಮ ಕನ್ನಡದ ಮಕ್ಕಳಲ್ಲಿ ಮಿಲಿಟರಿ ಸೇರುವವರು ಕಡಿಮೆ. ಹಾಗಾಗಿ ಯಾವುದೋ ಒಂದು ಮನೆಯ ಮಗುವಿಗೆ ಆ ಮನಸ್ಸಾದರೆ, ಅಪ್ಪ ಅಮ್ಮನಿಗೆ ಕೇಳಿ ತಿಳಿದುಕೊಳ್ಳಲು ಸುತ್ತಮುತ್ತ ಯಾರೂ ಸಿಗುವುದಿಲ್ಲ. ವೀಸಾ, ಗ್ರೀನ್ ಕಾರ್ಡ್, ಕಾಲೇಜು ಅಂದರೆ ಸಲಹೆ ಕೊಡಲು ಹತ್ತು ಜನ ಓಡಿ ಬರುತ್ತಾರೆ. ಇದಕ್ಕೆ ಒಬ್ಬರೂ ಇಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಆರ್ಮಿ, ನೌಕಾಪಡೆ, ಮರೀನ್ಸ್, ವಾಯುಪಡೆ ಇಂಥವುಗಳಲ್ಲಿ ಒಂದು ಪಡೆಗೆ ಸಹಿ ಹಾಕಿ, ಟ್ರೈನಿಂಗ್‌ಗೆ ಹೋಗುವ ಮೊದಲೇ ಮನಸ್ಸು ಬದಲಾಗಿ, ಬೇರೆ ಪಡೆಗೆ ಹೋಗುತ್ತೇನೆ ಅನ್ನುವ ಮಕ್ಕಳನ್ನು ದಯವಿಟ್ಟು ಮಾತಿಗೆ ತಪ್ಪಿದವರು ಅಂತ ಬೈಯಬೇಡಿ. ಹಾಗೆ ಬದಲಿಸಲು ಇಲ್ಲಿನ ನಿಯಮದಲ್ಲೇ ಜಾಗ ಇದೆ.

ಇಲ್ಲಿ ಬಹಳಷ್ಟು ಮಕ್ಕಳು ಸೇರುವುದು ಡಿಲೇಯ್ಡ್ ಎಂಟ್ರಿ ಪ್ರೋಗ್ರಾಂ ಮೂಲಕ. ಎಲ್ಲರೂ ಚಿಕ್ಕದಾಗಿ ಡೆಪ್ ಅನ್ನುತ್ತಾರೆ. ಹೈಸ್ಕೂಲಿನ ಕೊನೇ ವರ್ಷದಲ್ಲಿ ಇರುವಾಗಲೇ, 17 ವರ್ಷಕ್ಕೇ, ಅಪ್ಪ ಅಮ್ಮನ ಒಪ್ಪಿಗೆ ಇದ್ದರೆ ಸಹಿ ಹಾಕಬಹುದು. ಬಲಗೈ ಎತ್ತಿ ಪ್ರಮಾಣವನ್ನೂ ಮಾಡಿಸುತ್ತಾರೆ. ಆಮೇಲೆ ಟ್ರೈನಿಂಗ್‌ಗೆ ಹೊರಡುವ ದಿನ ಬರುವವರೆಗೆ ಮನೆಯಲ್ಲೇ ಇರುತ್ತಾರೆ. ಅದು ಕೆಲವು ವಾರವೂ ಆಗಬಹುದು, ಒಂದು ವರ್ಷವೂ ಆಗಬಹುದು. ಆ ಅವಧಿಗೆ ಸಂಬಳ ಇಲ್ಲ. ಹೊರಡುವ ದಿನ ಮತ್ತೆ ಸೇರ್ಪಡೆ ಕೇಂದ್ರಕ್ಕೆ ಹೋಗಿ ಇನ್ನೊಂದು ಸಹಿ ಹಾಕಬೇಕು, ಎರಡನೇ ಸಲ ಪ್ರಮಾಣ ಮಾಡಬೇಕು. ನಿಜವಾದ ಸೇವೆ ಶುರುವಾಗುವುದು ಅಲ್ಲಿಂದ.

17ರ ಹುಡುಗ ಒಂದು ವರ್ಷದಲ್ಲಿ ಎಷ್ಟು ಬದಲಾಗುತ್ತಾನೆ ಅಂತ ಮಕ್ಕಳಿರುವ ಯಾರಿಗಾದರೂ ಗೊತ್ತು, ಅಲ್ವಾ?

ನಮ್ಮ ಅಕ್ಕನ ಮಗನಿಗೆ ಆಗಿದ್ದೂ ಇದೇ. ಅವನು ಯಾವ ಪಡೆಗೆ ಸಹಿ ಹಾಕಿದ್ದ ಅನ್ನುವುದು ಇಲ್ಲಿ ಬೇಡ. ಚಿಕ್ಕಂದಿನಿಂದ ಅವನಿಗೆ ವಿಮಾನದ ಹುಚ್ಚು. ಇಂಜಿನ್ ಬಿಚ್ಚುವ, ಕೂಡಿಸುವ ಕೆಲಸ ಬೇಕಿತ್ತು. ಮೆಪ್ಸ್ ಅನ್ನುವ ಸೇರ್ಪಡೆ ಕೇಂದ್ರದಲ್ಲಿ ಹಿಂದಿನ ರಾತ್ರಿ ಹೋಟೆಲ್‌ನಲ್ಲಿ ಇರಿಸಿ, ಬೆಳಗಿನ ಜಾವಕ್ಕೇ ಎಬ್ಬಿಸಿ, ಗಂಟೆಗಟ್ಟಲೆ ವೈದ್ಯಕೀಯ ಪರೀಕ್ಷೆ ಮಾಡುತ್ತಾರೆ. ಅದೆಲ್ಲ ಮುಗಿದು ಸುಸ್ತಾಗಿ ಕೂತಾಗ ಕಂಪ್ಯೂಟರ್ ಪರದೆಯಲ್ಲಿ ಆ ದಿನ ಖಾಲಿ ಇರುವ ಕೆಲಸಗಳ ಪಟ್ಟಿ ತೋರಿಸಿದರು. ವಿಮಾನದ ಕೆಲಸ ಒಂದೂ ಇರಲಿಲ್ಲ. ಮೇಲಾಗಿ ಅವನ ಹತ್ತಿರ ಇರುವುದು ಗ್ರೀನ್ ಕಾರ್ಡ್. ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಗುಪ್ತ ಮಾಹಿತಿ ನೋಡುವ ಅನುಮತಿ, ಬೇಕಾದ ಕೆಲಸಗಳು ನಾಗರಿಕರಿಗೆ ಮಾತ್ರ. ಹಾಗಾಗಿ ಪಟ್ಟಿ ಇನ್ನೂ ಚಿಕ್ಕದಾಯಿತು. "ಸೇರಿದ ಮೇಲೆ ಬದಲಾಯಿಸಿಕೊಳ್ಳಬಹುದು" ಅಂತ ಒಬ್ಬರು ಬಾಯಿಮಾತಿನಲ್ಲಿ ಹೇಳಿದರಂತೆ. ಇವನು ಯಾವುದೋ ಗೋದಾಮಿನ ಕೆಲಸಕ್ಕೆ ಸಹಿ ಹಾಕಿ ಬಂದ.

ಆ ಒಪ್ಪಂದದ ಕಾಗದ, ಡಿಡಿ ಫಾರ್ಮ್ 4, ನಾನು ಆಮೇಲೆ ಅಕ್ಕನ ಮನೆಯಲ್ಲಿ ಕೂತು ಓದಿದೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಇದೆ. ಈ ಕಾಗದದಲ್ಲೂ ಇದರ ಜೊತೆಗಿನ ಹಾಳೆಗಳಲ್ಲೂ ಬರೆದಿರುವುದಷ್ಟೇ ಸರ್ಕಾರ ಕೊಟ್ಟ ಭರವಸೆ, ಬೇರೆ ಯಾರು ಏನೇ ಹೇಳಿದ್ದರೂ ಅದು ಊರ್ಜಿತವಲ್ಲ, ನಡೆಸಿಕೊಡುವುದಿಲ್ಲ ಅಂತ. ಅದರ ಪಕ್ಕದಲ್ಲೇ ನಮ್ಮ ಹುಡುಗನ ಇನಿಷಿಯಲ್ ಇತ್ತು. ಭಾವ ಕನ್ನಡಕ ಹಾಕಿಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು, ಎರಡೆರಡು ಸಲ ಓದಿದರು. ಬಾಯಲ್ಲಿ ಹೇಳಿದ ಮಾತಿಗೆ ಬೆಲೆ ಇಲ್ಲ ಅಂತ ಕಾಗದವೇ ಹೇಳುತ್ತಿದೆ. ಹಾಗಿದ್ದಾಗ ಮಾತು ತಪ್ಪಿದ ಆಪಾದನೆ ಹುಡುಗನೊಬ್ಬನ ತಲೆಗೆ ಕಟ್ಟುವುದು ಯಾವ ನ್ಯಾಯ?

ಸೇರಿದ ಮೇಲೆ ಪಡೆ ಬದಲಿಸುವುದು ತುಂಬಾ ಕಷ್ಟ. ಬಹುತೇಕರು ಒಪ್ಪಿಕೊಂಡ ಅವಧಿ ಪೂರ್ತಿ ಮುಗಿಸಿ, ಆಮೇಲೆ ಹೊಸದಾಗಿ ಇನ್ನೊಂದು ಪಡೆಗೆ ಅರ್ಜಿ ಹಾಕಬೇಕು. ಮೊದಲ ಸಲ ಸೇರುವವರ ಬಾಧ್ಯತೆ ಸಾಮಾನ್ಯವಾಗಿ 8 ವರ್ಷ. ಕೆಲವು ವರ್ಷ ಪೂರ್ಣಾವಧಿ ಸೇವೆ, ಉಳಿದದ್ದು ರಿಸರ್ವ್, ಅಂದರೆ ಮೀಸಲು ಪಡೆ. ಇಷ್ಟು ದೊಡ್ಡ ಗಂಟು ಬೀಳುವ ಮೊದಲೇ ಯೋಚನೆ ಮಾಡಿದ ಹುಡುಗ ಬುದ್ಧಿವಂತ ಅಂತಲೇ ನಾನು ಹೇಳುತ್ತೇನೆ.

ನಮ್ಮವನು ಕೊನೆಗೆ ಈ ಪಡೆ ಬಿಟ್ಟು ವಾಯುಪಡೆಗೆ ಹೋಗುತ್ತೇನೆ ಅಂತ ಹೇಳಿದ ದಿನವೇ, ಅವನನ್ನು ಸೇರಿಸಿಕೊಂಡಿದ್ದ ಅಧಿಕಾರಿ ಅಂದರೆ ರಿಕ್ರೂಟರ್‌ನಿಂದ ಫೋನ್ ಮೇಲೆ ಫೋನ್. ಬಿಟ್ಟರೆ ಜೀವಮಾನಪೂರ್ತಿ ದಾಖಲೆಯಲ್ಲಿ ಕಳಂಕ ಉಳಿಯುತ್ತೆ, ಮುಂದೆ ಸರ್ಕಾರಿ ಕೆಲಸ ಸಿಗಲ್ಲ, ಕಾಲೇಜಿಗೆ ಸಾಲ ಸಿಗಲ್ಲ ಅಂತೆಲ್ಲ ಹೆದರಿಸಿದರು. ಹುಡುಗ ಊಟ ಬಿಟ್ಟ. "ಚಿಕ್ಕಮ್ಮ, ಅರೆಸ್ಟ್ ಮಾಡ್ತಾರಾ?" ಅಂತ ನನ್ನನ್ನು ಕೇಳಿದ. ಆ ದನಿ ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದು ಯಾವುದೂ ನಿಜವಲ್ಲ. ಡೆಪ್‌ನಲ್ಲಿ ಇರುವವರು ಹೊರಡುವ ದಿನಕ್ಕೆ ಮೊದಲು ಬಿಡುಗಡೆ ಕೇಳಿದರೆ ಕೊಡುತ್ತಾರೆ. ಕಾಗದದ ಮೇಲೆ ಬಲವಂತವಾಗಿ ಕರೆಸುವ ಅಧಿಕಾರ ಇದ್ದರೂ ಅದನ್ನು ಬಳಸದಿರುವುದೇ ಇಲ್ಲಿನ ನೀತಿ. ಕ್ರಿಮಿನಲ್ ದಾಖಲೆ ಆಗುವುದಿಲ್ಲ. ಸೇವೆಯೇ ಶುರುವಾಗಿಲ್ಲ, ಹಾಗಾಗಿ ಕೆಟ್ಟ ಹೆಸರಿನ ಡಿಸ್ಚಾರ್ಜ್ ಅನ್ನುವ ಮಾತೂ ಇಲ್ಲ. ಹೆದರಿಸುವುದು, ಸುಳ್ಳು ಹೇಳಿ ತಡೆಯುವುದು ರಿಕ್ರೂಟರ್‌ಗಳಿಗೆ ಇರುವ ನಿಯಮಕ್ಕೇ ವಿರುದ್ಧ.

ಅವರ ಒತ್ತಡವೂ ನನಗೆ ಅರ್ಥವಾಗುತ್ತದೆ. 1973ರಲ್ಲಿ ಕಡ್ಡಾಯ ಸೇರ್ಪಡೆ ನಿಂತ ಮೇಲೆ ಇಲ್ಲಿನ ಸೇನೆ ನಡೆಯುತ್ತಿರುವುದು ತಾವಾಗಿ ಬರುವವರಿಂದ. 2022ರ ಆರ್ಥಿಕ ವರ್ಷದಲ್ಲಿ ಆರ್ಮಿಗೆ 60,000 ಜನ ಬೇಕಿತ್ತು, ಸುಮಾರು 15,000 ಕಡಿಮೆ ಬಿತ್ತು. ಕೈಗೆ ಬಂದವರು ಬಿಟ್ಟು ಹೋದರೆ ಆ ರಿಕ್ರೂಟರ್ ಮೇಲಿನವರಿಗೆ ಉತ್ತರ ಕೊಡಬೇಕು. ಆದರೆ ಆ ಲೆಕ್ಕ ಸರಿಮಾಡುವ ಹೊಣೆ ಹೈಸ್ಕೂಲು ಹುಡುಗನದ್ದಲ್ಲ.

ಮನೆಯ ಒಳಗಿನ ಒತ್ತಡ ಬೇರೆ. ಭಾವನ ತಂದೆ ಭಾರತೀಯ ಸೇನೆಯಲ್ಲಿದ್ದು ನಿವೃತ್ತರಾದವರು, ಈಗ ಸಕಲೇಶಪುರದಲ್ಲಿದ್ದಾರೆ. ಫೋನಿನಲ್ಲಿ "ಸಹಿ ಹಾಕಿದ ಮೇಲೆ ಹಿಂದೆ ಸರಿಯೋದು ಅಂದ್ರೇನು?" ಅಂತ ನೊಂದುಕೊಂಡರು. ಅವರ ಕಾಲದಲ್ಲಿ ಆಯ್ಕೆಯಾದವರು ಟ್ರಂಕು ಕಟ್ಟಿಕೊಂಡು ರೆಜಿಮೆಂಟಿನ ಕೇಂದ್ರಕ್ಕೆ ಹೊರಟೇಬಿಡುತ್ತಿದ್ದರು. ಮೊದಲು ಸಹಿ, ವರ್ಷದ ಮೇಲೆ ಇನ್ನೊಂದು ಸಹಿ ಅನ್ನುವ ಪದ್ಧತಿ ಅವರಿಗೆ ಹೊಸದು. ನಿಧಾನವಾಗಿ ವಿವರಿಸಿದೆ. "ಅವನು ಸೇನೆ ಬಿಡುತ್ತಿಲ್ಲ ಮಾವ, ವಾಯುಪಡೆಗೆ ಹೋಗುತ್ತಾನೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದನ್ನ ಸರಿಯಾಗಿ ಮಾಡ್ಲಿ" ಅಂದರು.

ಸರಿಯಾಗಿ ಮಾಡುವುದು ಅಂದರೆ ಮೊದಲು ಕಾಗದ. ರಿಕ್ರೂಟರ್ ಜೊತೆ ವಾದ ಮಾಡುತ್ತಾ ಕೂರಬಾರದು. ಅವರ ಮೇಲಿನ ಕಮಾಂಡರ್‌ಗೆ ಚಿಕ್ಕದೊಂದು ಪತ್ರ ಬರೆಯಬೇಕು. ಹೆಸರು, ಸಹಿ ಹಾಕಿದ ದಿನ, ಹೊರಡಬೇಕಾದ ದಿನ, ಬಿಡುಗಡೆ ಕೇಳಲು ಕಾರಣ, ಇಷ್ಟು ಸಾಕು. ಪ್ರತಿ ಇಟ್ಟುಕೊಂಡು, ತಲುಪಿದ ರಸೀದಿ ಬರುವ ಹಾಗೆ ಅಂಚೆಯಲ್ಲಿ ಕಳಿಸಿ. "ಆಫೀಸಿಗೆ ಬಾ, ಕೂತು ಮಾತಾಡೋಣ" ಅಂತ ಕರೆದರೆ ಹೋಗಲೇಬೇಕು ಅಂತ ಏನಿಲ್ಲ.

ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಹಳೇ ಪಡೆಯಿಂದ ಬಿಡುಗಡೆಯ ಕಾಗದ ಬರುವವರೆಗೆ ಹೊಸ ಪಡೆಯವರು ಫೈಲ್ ಮುಂದಕ್ಕೆ ಒಯ್ಯುವಂತಿಲ್ಲ. ಅಂದರೆ ಅಲ್ಲಿ ಜಾಗ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲದೆಯೇ ಇಲ್ಲಿಂದ ಹೊರಬರಬೇಕು. ಮೊದಲ ಒಪ್ಪಂದದಲ್ಲಿ ಬೋನಸ್ ಬರೆದಿದ್ದರೆ ಅದೂ ಹೋಯಿತು. ಸೇರುವ ಮೊದಲು ಬರೆಯುವ ಆಸ್ವ್ಯಾಬ್ ಅನ್ನುವ ಸಾಮರ್ಥ್ಯ ಪರೀಕ್ಷೆಯ ಅಂಕ 2 ವರ್ಷ ನಡೆಯುತ್ತದೆ, ಎಲ್ಲ ಪಡೆಗಳಿಗೂ ಆಗುತ್ತದೆ, ಅದೊಂದು ಸಮಾಧಾನ. ನಮ್ಮವನು ಈ ನಡುವೆ ತಿಂಗಳುಗಟ್ಟಲೆ ಕಿರಾಣಿ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಕಾದ. ಅಕ್ಕನಿಗೆ ನಿದ್ದೆಯೇ ಇರಲಿಲ್ಲ. ಕೊನೆಗೆ ವಾಯುಪಡೆಯಲ್ಲಿ ವಿಮಾನ ರಿಪೇರಿಯ ಕೆಲಸ ಕಾಗದದಲ್ಲೇ ಬರೆಸಿಕೊಂಡು ಸಹಿ ಹಾಕಿದ. ಹಿಂದಿನ ಡೆಪ್ ವಿಷಯವನ್ನು ಮೊದಲ ಭೇಟಿಯಲ್ಲೇ ಹೇಳಿದ್ದ. ಅದನ್ನು ಯಾವತ್ತೂ ಮುಚ್ಚಿಡಬಾರದು. ಕಳಂಕವಲ್ಲದಿದ್ದರೂ ಸೇರ್ಪಡೆಯ ದಾಖಲೆಯಲ್ಲಿ ಕಾಣುತ್ತದೆ, ಮುಚ್ಚಿಟ್ಟರೆ ಅದೇ ದೊಡ್ಡ ತೊಂದರೆ.

ಆದರೆ ಸುಮ್ನೆ ಯೂನಿಫಾರ್ಮ್ ಚೆನ್ನಾಗಿದೆ, ಅಲ್ಲಿ ಟ್ರೈನಿಂಗ್ ಸುಲಭ, ಮರೀನ್ಸ್‌ನಲ್ಲಿ 13 ವಾರ ಅಂತೆ, ವಾಯುಪಡೆಯಲ್ಲಿ ಏಳೂವರೆ ವಾರವಂತೆ ಅನ್ನುವ ಕಾರಣಕ್ಕೆ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಟ್ರೈನಿಂಗ್ ಕೆಲವೇ ವಾರ. ಕೆಲಸ ವರ್ಷಗಟ್ಟಲೆ. ನೋಡಬೇಕಾದ್ದು ಕೆಲಸ.

ಇನ್ನೂ ಒಂದು ವಿಷಯ. ವೀಸಾ ಮೇಲೆ ಇದ್ದವರನ್ನು ಭಾಷೆ, ವೈದ್ಯಕೀಯ ಕೌಶಲಕ್ಕಾಗಿ ಸೇರಿಸಿಕೊಳ್ಳುತ್ತಿದ್ದ ಮಾವ್ನಿ ಯೋಜನೆ ನೆನಪಿರಬಹುದು. 2016ರಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ಆಗಲೇ ಸಹಿ ಹಾಕಿದ್ದ ಎಷ್ಟೋ ಜನ ಹಿನ್ನೆಲೆ ತಪಾಸಣೆ ಮುಗಿಯದೆ ವರ್ಷಗಟ್ಟಲೆ ಡೆಪ್‌ನಲ್ಲೇ ಉಳಿದರು, ಕಾಯುತ್ತಾ ವೀಸಾ ಅವಧಿಯೂ ಮುಗಿದವರಿದ್ದರು. ವಲಸೆಯ ತೊಡಕು ಸ್ವಲ್ಪವಾದರೂ ಇದ್ದರೆ, ಬಿಡುಗಡೆ ಪತ್ರ ಬರೆಯುವ ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಿ.

ನಿಮ್ಮ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಯಾರಾದರೂ ಈಗ ಡೆಪ್‌ನಲ್ಲಿದ್ದು, ಒಳಗೊಳಗೇ ಒದ್ದಾಡುತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಒಪ್ಪಂದದ ಹಾಳೆಗಳನ್ನು ಪೂರ್ತಿ, ಜೊತೆಗಿನ ಅನೆಕ್ಸ್ ಸಮೇತ, ಕೈಯಲ್ಲಿ ಇಟ್ಟುಕೊಂಡು ಮಾತಾಡೋಣ. ಹೊರಡುವ ದಿನ ಹತ್ತಿರ ಇದ್ದರೆ ಇವತ್ತೇ ಬರೆಯಿರಿ. ಎರಡನೇ ಪ್ರಮಾಣ ಆದ ಮೇಲೆ ನಾನು ಮೇಲೆ ಬರೆದಿದ್ದು ಯಾವುದೂ ಅನ್ವಯಿಸುವುದಿಲ್ಲ.